ಇಂತಿ ತಮ್ಮ ವಿಧವೆ

ಹೊನ್ನಾಳಿಯ ತಾಲ್ಲೂಕು ಕಚೇರಿ ಆವರಣದಲ್ಲಿದ್ದ ಒಂದೇ ಹುಣಸೆಮರದ ಕೆಳಗೆ ವಿರೂಪಾಕ್ಷಪ್ಪನವರೂ ನಾನೂ ಎರಡು ವರ್ಷ ಅರ್ಜಿ ಬರೆದೆವು. ಆ ಎರಡು ವರ್ಷಗಳಲ್ಲಿ ಅವರು ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ತಿಪ್ಪೇರುದ್ರಸ್ವಾಮಿ ಎಂಬ ಹೆಸರು ಅವರ ಬಾಯಿಗೆ ಉದ್ದವಾಯಿತೆಂದಲ್ಲ. ‘ಬಿಎಸ್ಸಿ’ ಎಂದು ಕರೆದರೆ ನನಗೆ ಉರಿಯುತ್ತದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು.

ನಾನು ಜಗಳೂರಿನವನು. 1976ರಲ್ಲಿ ದಾವಣಗೆರೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಓದಿ ಪದವಿ ಪಡೆದೆ. ಒಂದು ವರ್ಷ ಕಾದರೂ ಯಾವ ಶಾಲೆಯಿಂದಲೂ ಕರೆ ಬರಲಿಲ್ಲ. ಕನ್ನಡ ಬೆರಳಚ್ಚಿನ ಸೀನಿಯರ್ ಪರೀಕ್ಷೆ ಪಾಸಾಗಿತ್ತು. ಹೊನ್ನಾಳಿಯಲ್ಲಿದ್ದ ಅಕ್ಕನ ಮನೆಗೆ ಬಂದು, ಹಳೆಯ ಯಂತ್ರವೊಂದನ್ನು ಹೊಂದಿಸಿಕೊಂಡು, ಮರದ ಪಡುವಣ ಬದಿಯಲ್ಲಿ ಮೇಜು ಹಾಕಿದೆ. ಮೂಡಣ ಬದಿಯಲ್ಲಿ ವಿರೂಪಾಕ್ಷಪ್ಪನವರು ಮೂವತ್ತೊಂದು ವರ್ಷದಿಂದ ಕುಳಿತಿದ್ದರು: ಒಂದು ಚಾಪೆ, ಒಂದು ಇಳಿಜಾರಿನ ಡೆಸ್ಕು, ಮಸಿಕುಡಿಕೆ, ಸ್ಟೀಲಿನ ನಿಬ್ಬು.

ಮೊದಲ ಜಗಳ ನೆರಳಿಗಾಗಿ ಆಯಿತು. ಬೆಳಿಗ್ಗೆ ನೆರಳು ನನ್ನ ಕಡೆ ಇರುತ್ತಿತ್ತು, ಹನ್ನೆರಡರ ನಂತರ ಅವರ ಕಡೆ ಹೊರಳುತ್ತಿತ್ತು. ನಾನು ಮೂರು ದಿನ ಗಂಟೆಗೊಮ್ಮೆ ಅಳತೆ ತೆಗೆದು, ಇಬ್ಬರಿಗೂ ಸಮನಾಗಿ ಸಿಗುವಂತೆ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದೆ. ವಿರೂಪಾಕ್ಷಪ್ಪನವರು ಎದ್ದು ಬಂದು ಗೆರೆಯನ್ನು ತುದಿಯಿಂದ ತುದಿಯವರೆಗೆ ನೋಡಿದರು. ಆಮೇಲೆ ಆ ತುದಿಯಿಂದ ಈ ತುದಿಯವರೆಗೆ ಅಂಗಾಲಿನಲ್ಲಿ ಉಜ್ಜಿದರು.

‘ಸೂರ್ಯನಿಗೂ ನೋಟೀಸು ಕೊಟ್ಟೀಯೇನಯ್ಯಾ, ಗೆರೆ ದಾಟಬ್ಯಾಡ ಅಂತ?’

ಅಂದಿನಿಂದ ನಾನು ಅವರ ತಪ್ಪುಗಳನ್ನು ಬರೆದಿಡತೊಡಗಿದೆ. ಅವರು ನಾಲ್ಕನೆಯ ಇಯತ್ತೆಯವರೆಗೆ ಓದಿದ್ದರು. ಕಚೇರಿಯ ಮಾತುಗಳನ್ನೆಲ್ಲ ತಮಗಿಂತ ಮೊದಲು ಆ ಜಾಗದಲ್ಲಿ ಕುಳಿತಿದ್ದ ಒಬ್ಬ ಮುದುಕರ ಬಾಯಿಂದ ಕೇಳಿ ಕಲಿತವರು. ಕೇಳಿದ್ದು ಕಿವಿಯಿಂದ ನಿಬ್ಬಿಗೆ ಬರುವಷ್ಟರಲ್ಲಿ ಪಕ್ಕದ ಪದವಾಗುತ್ತಿತ್ತು. ಅವರಿಂದ ಬರೆಸಿದವರು ಬೆರಳಚ್ಚಿನ ಪ್ರತಿಗಾಗಿ ನನ್ನಲ್ಲಿಗೆ ಬಂದಾಗ ನಾನು ಅದನ್ನು ಚೌಕುಳಿ ಪುಸ್ತಕದಲ್ಲಿ ದಿನಾಂಕ ಹಾಕಿ ದಾಖಲಿಸುತ್ತಿದ್ದೆ. ‘ಖಾತೆ’ ಅವರ ಕೈಯಲ್ಲಿ ಯಾವಾಗಲೂ ‘ಕತೆ’. ನ್ಯಾಮತಿಯ ರೈತನೊಬ್ಬ, ‘ಅಣ್ಣನ ಹೆಸರಿನಲ್ಲಿರುವ ಕತೆಯನ್ನು ನನ್ನ ಹೆಸರಿಗೆ ಮಾಡಿಕೊಡಬೇಕು’ ಎಂದು ಬೇಡಿಕೊಂಡಿದ್ದ. ಬೆಂಕಿಯಲ್ಲಿ ಗುಡಿಸಲು ಕಳೆದುಕೊಂಡ ಅಜ್ಜಮ್ಮ ಎಂಬಾಕೆ ಸರ್ಕಾರದಿಂದ ‘ಸೂಕ್ತ ಪರಿಹಾಸ’ ಕೋರಿದ್ದಳು. ಅದನ್ನು ಕಂಡ ದಿನ ನನಗೆ ತಡೆಯಲಾಗಲಿಲ್ಲ.

‘ಯಜಮಾನರೇ, ಅದು ಪರಿಹಾರ. ಪರಿಹಾಸ ಅಂದರೆ ಗೇಲಿ. ಸರ್ಕಾರ ಆಕೆಯನ್ನು ಗೇಲಿ ಮಾಡಬೇಕೇನು?’

‘ಮಾಡೇ ಮಾಡ್ತೈತೆ. ನೀನು ಟೈಪು ಹೊಡೆದು ಕೊಟ್ರೂ ಮಾಡ್ತೈತೆ’ ಎಂದರು ಅವರು, ತಲೆ ಎತ್ತದೆ.

ಎದುರಿನ ಚಹಾದಂಗಡಿಯ ಓಂಕಾರಪ್ಪ ನಕ್ಕ. ಆ ನಗೆ ಅವರ ಪರವಾಗಿ ಬಂದಿತ್ತು. ನಾನು ಅದನ್ನೂ ಮರೆಯಲಿಲ್ಲ.

ಅವರ ಕೆಲಸದ ಕ್ರಮವಂತೂ ನನಗೆ ಕಾಲಹರಣದ ಪ್ರಾತ್ಯಕ್ಷಿಕೆಯಂತೆ ಕಾಣುತ್ತಿತ್ತು. ಜಮೀನಿನ ಅರ್ಜಿಯಾದರೆ ಅವರು ಕಾಗದಪತ್ರ ಕೇಳುತ್ತಲೇ ಇರಲಿಲ್ಲ. ‘ಕಣ್ಣು ಮುಚ್ಕೋ. ಬದುವಿನ ಮ್ಯಾಲೆ ನಡಿ. ಎಲ್ಲಿಂದ ಹೊಂಟಿ? ಕಾಲಿಗೆ ಏನು ತಗಲ್ತು? ಈಗ ತಿರುಗು’ ಎನ್ನುತ್ತಿದ್ದರು. ಬರೆಸುವವನು ಕಚೇರಿಯ ಆವರಣದಲ್ಲಿ ಕಣ್ಣು ಮುಚ್ಚಿ ನಿಂತು ತನ್ನ ಹೊಲ ಸುತ್ತುತ್ತಿದ್ದ. ಬರೆದಾದ ಮೇಲೆ ಇವರು ಪೂರ್ತಿ ಓದುತ್ತಿದ್ದರು. ಓದಿದ ಮೇಲೆ, ‘ಈಗ ನೀನು ಹೇಳು’ ಎನ್ನುತ್ತಿದ್ದರು. ಅವನು ತನ್ನ ಬಾಯಿಂದ ಅಷ್ಟನ್ನೂ ಒಪ್ಪಿಸುವವರೆಗೆ ಮಸಿಯ ಪ್ಯಾಡನ್ನು ಹೆಬ್ಬೆಟ್ಟಿನ ಹತ್ತಿರ ತರುತ್ತಿರಲಿಲ್ಲ. ಒಂದು ಅರ್ಜಿಗೆ ಒಂದೂವರೆ ಗಂಟೆ. ನನಗೆ ಹನ್ನೊಂದು ನಿಮಿಷ ಸಾಕಾಗುತ್ತಿತ್ತು.

1979ರ ಮೇ ತಿಂಗಳು. ಗೇಣಿಗೆ ಉಳುತ್ತಿದ್ದವರು ಆ ಭೂಮಿ ತಮ್ಮದಾಗಬೇಕೆಂದು ಅರ್ಜಿ ಹಾಕಲು ಜೂನ್ ಮೂವತ್ತು ಕೊನೆಯ ದಿನವಾಗಿತ್ತು. ಆವರಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಸ್ವೆಹಳ್ಳಿ ಕಡೆಯ ಉಡಚಮ್ಮ ಎಂಬ ಹೆಂಗಸು ಬೆಳಿಗ್ಗೆಯ ಬಸ್ಸಿಗೆ ಬಂದು ವಿರೂಪಾಕ್ಷಪ್ಪನವರ ಚಾಪೆಯ ಮುಂದೆ ಕುಳಿತಳು. ಆಕೆಯ ಗಂಡ ಚಿಕ್ಕಹನುಮಂತಪ್ಪ ನ್ಯಾಮತಿಯ ಅಡಿಕೆ ವ್ಯಾಪಾರಿ ಷಣ್ಮುಖಪ್ಪನವರ ಎರಡು ಎಕರೆ ಹತ್ತು ಗುಂಟೆಯನ್ನು ಹದಿನೇಳು ವರ್ಷ ಗೇಣಿಗೆ ಉತ್ತಿದ್ದ. ಅವನು ಸತ್ತ ಮೇಲೆ ಎರಡು ವರ್ಷದಿಂದ ಆಕೆಯೇ ಉಳುತ್ತಿದ್ದಳು. ಆ ವರ್ಷದ ಯುಗಾದಿಗೆ ಷಣ್ಮುಖಪ್ಪನವರು, ‘ನೀನು ಬರೀ ಕೂಲಿಯವಳು’ ಎಂದು ಹೇಳಿ ಹೊಲಕ್ಕೆ ಬೇರೆಯವರ ನೇಗಿಲು ಕಳಿಸಿದ್ದರು. ಆಕೆ ನೇಗಿಲಿನ ಮುಂದೆ ಮಲಗಿ ಹಿಂದಕ್ಕೆ ಕಳಿಸಿದ್ದಳು. ಈ ಅರ್ಜಿ ನಿಲ್ಲದಿದ್ದರೆ ಮುಂದಿನ ಸಲ ಮಲಗಲು ಆಕೆಗೆ ಹೊಲವೇ ಇರುತ್ತಿರಲಿಲ್ಲ.

ಒಂದೂವರೆ ಗಂಟೆಯ ನಂತರ ಆಕೆ ಹೆಬ್ಬೆಟ್ಟು ಒತ್ತಿದ ಕಾಗದ ಹಿಡಿದು ನನ್ನ ಮೇಜಿನ ಪಕ್ಕದಲ್ಲೇ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಸಾಲಿಗೆ ಹೊರಟಳು. ನಾನು ಕೈ ನೀಡಿದೆ.

‘ಕೊಡಿ ಇಲ್ಲಿ, ನೋಡೋಣ.’

ಆಕೆ ಕೊಟ್ಟಳು. ನಾನು ಅದನ್ನು ಮನಸ್ಸಿನಲ್ಲಿ ಓದಿಕೊಳ್ಳಬಹುದಾಗಿತ್ತು. ಗಟ್ಟಿಯಾಗಿ ಓದಿದೆ, ವಿರೂಪಾಕ್ಷಪ್ಪನವರಿಗೆ ಕೇಳಲೆಂದೇ ಓದಿದೆ.

‘“ನನ್ನ ಗಂಡ ಚಿಕ್ಕಹನುಮಂತಪ್ಪ ಮಿತ್ರನಾಗಿ ಎರಡು ವರ್ಷವಾಯಿತು. ನಾನು ಸದರಿ ಜಮೀನಿನ ಗೋಣಿದಾರಳು. ಜಮೀನು ಇಂದಿಗೂ ನನ್ನ ಸಾವಧಾನದಲ್ಲಿದೆ.” ಮೃತ ಅಲ್ಲ, ಮಿತ್ರ! ಗೇಣಿ ಅಲ್ಲ, ಗೋಣಿ!’

ಸಾಲಿನಲ್ಲಿದ್ದವರು ತಿರುಗಿ ನಿಂತರು. ಬಸ್ಸಿನ ಏಜೆಂಟರು ಹತ್ತಿರ ಬಂದರು. ಓಂಕಾರಪ್ಪ ಚಹಾದ ಲೋಟಗಳನ್ನು ಹಿಡಿದುಕೊಂಡೇ ಬಂದ.

‘ಗಂಡ ಮಿತ್ರ ಆಗಾಕೆ ಸಾಯಬೇಕಾಯ್ತೇನವ್ವಾ?’ ಎಂದ.

‘ನಿನ್ನ ಹೇಂಡ್ತೀನೂ ಅದಕ್ಕೇ ಕಾಯ್ತಿರಬೇಕು, ಮನೀಗೆ ಹೋಗಿ ಕೇಳು’ ಎಂದಳು ಉಡಚಮ್ಮ.

ಈ ಸಲ ನಗೆ ಅವನ ಮೇಲೆ ತಿರುಗಿತು. ಅಲ್ಲಿಗೇ ನಿಲ್ಲಿಸಿದ್ದರೆ ಆಕೆ ಗೆದ್ದು ಹೋಗುತ್ತಿದ್ದಳು. ಆದರೆ ಕಾಗದದ ಕೊನೆಯ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು.

‘“ಇಂತಿ ತಮ್ಮ ವಿಧವೆ, ಉಡಚಮ್ಮ”’ ಎಂದು ಓದಿದೆ. ‘ವಿಧೇಯಳು ಅಂತ ಬರೆಯಬೇಕಾದಲ್ಲಿ! ತಹಶೀಲ್ದಾರ್ ಸಾಹೇಬರು ಇನ್ನೂ ಬದುಕಿದ್ದಾರೆ, ಯಜಮಾನರೇ.’

ಆವರಣಕ್ಕೆ ಆವರಣವೇ ನಕ್ಕಿತು. ಯಾರೋ ಹಿಂದಿನಿಂದ, ‘ಸಾಹೇಬ್ರಿಗೆ ಹೇಳ್ರಪ್ಪಾ, ಹೇಂಡ್ತಿ ಬಂದಾಳೆ’ ಎಂದು ಕೂಗಿದರು. ಉಡಚಮ್ಮನ ಮುಖ ಬಿಗಿಯಿತು. ಆಕೆ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ನೇರವಾಗಿ ಹೋಗಿ ವಿರೂಪಾಕ್ಷಪ್ಪನವರ ಡೆಸ್ಕಿನ ಮೇಲೆ ಎಸೆದಳು.

‘ನಿಮ್ಮನ್ನ ನಂಬಿದ್ದಕ್ಕೆ ನಾಕು ಜನದಾಗೆ ನನ್ನ ಮಾನ ತೆಗೆದ್ರಿ.’

‘ನಗೋರು ನಗ್ತಾರೆ, ಉಡಚವ್ವಾ. ನೀನು ಹೇಳಿದ್ದು ಅದರಾಗೆ ಐತೋ ಇಲ್ಲೋ?’

‘ಸಾಹೇಬ್ರ ವಿಧವೆ ಅಂತ ನಾನು ಹೇಳಿದ್ನೇನ್ರೀ?’

ಮುದುಕರ ಕಿವಿಯ ತುದಿ ಕೆಂಪಾದುದನ್ನು ನಾನು ಕುಳಿತಲ್ಲಿಂದಲೇ ಕಂಡೆ, ಕಂಡು ಸಂತೋಷಪಟ್ಟೆ. ಅವರು ಕಾಗದವನ್ನು ಹರಿಯಲಿಲ್ಲ. ಸುಕ್ಕನ್ನು ಅಂಗೈಯಲ್ಲಿ ತೀಡಿ, ಡೆಸ್ಕಿನ ಮುಚ್ಚಳ ಎತ್ತಿ ಒಳಗಿಟ್ಟರು.

ಉಡಚಮ್ಮ ನನ್ನ ಮೇಜಿಗೆ ಬಂದಳು. ಆಕೆಯ ಬಳಿ ಪಹಣಿಯ ನಕಲಿತ್ತು. ಅದನ್ನು ಎದುರಿಗಿಟ್ಟುಕೊಂಡು ನಾನು ನನ್ನ ಜೀವಮಾನದ ಅತ್ಯಂತ ಶುದ್ಧವಾದ ಅರ್ಜಿಯನ್ನು ಸಿದ್ಧಪಡಿಸಿದೆ. ಎಕರೆ ಗುಂಟೆಗಳನ್ನು ದಶಮಾನ ಪದ್ಧತಿಗೆ ಪರಿವರ್ತಿಸಿದೆ: ಸೊನ್ನೆ ಪಾಯಿಂಟ್ ಒಂಬತ್ತು ಒಂದು ಹೆಕ್ಟೇರ್. ನಾಲ್ಕು ಎಲ್ಲೆಗಳನ್ನು ಸರ್ವೆ ನಂಬರುಗಳಲ್ಲಿ ನಮೂದಿಸಿದೆ: ಪೂರ್ವಕ್ಕೆ ನಲವತ್ತೊಂದು, ಪಶ್ಚಿಮಕ್ಕೆ ಮೂವತ್ತೆಂಟು, ಹೀಗೆ. ಮೃತ, ಗೇಣಿ, ಸ್ವಾಧೀನ, ವಿಧೇಯ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದವು.

‘ನಮ್ಮತ್ತೆ ನೆಟ್ಟ ಬೇವಿನ ಮರ ಬರಲಿಲ್ಲಲ್ಲ ಸ್ವಾಮಿ?’ ಎಂದು ಆಕೆ ಕೇಳಿದಳು.

‘ಮರ ನಾಳೆ ಬೀಳಬಹುದು. ನಂಬರು ಬೀಳುವುದಿಲ್ಲ.’

ನಾನು ಓದಿದೆ, ಸ್ಪಷ್ಟವಾಗಿ, ವಿರಾಮಗಳನ್ನು ಪಾಲಿಸಿ ಓದಿದೆ. ಆಕೆ ಪ್ರತಿ ವಾಕ್ಯಕ್ಕೂ ‘ಹೂಂ’ ಎಂದಳು. ಮರದ ಆ ಬದಿಯಿಂದ ವಿರೂಪಾಕ್ಷಪ್ಪನವರ ದನಿ ಬಂತು.

‘ಏ ಬಿಎಸ್ಸಿ. ಒಂದ್ಸಲ ಆಕೆ ಬಾಯಾಗಿಂದ ಹೇಳಿಸು.’

‘ನನ್ನ ಅರ್ಜಿಯಲ್ಲಿ ಒಂದೇ ಒಂದು ತಪ್ಪು ತೋರಿಸಿ. ಆಮೇಲೆ ಹೇಳಿಸುತ್ತೇನೆ.’

ನಾನು ಮೂಲಪ್ರತಿಯ ಮೇಲೂ, ನನ್ನ ಕಡತಕ್ಕೆಂದು ಇಟ್ಟುಕೊಳ್ಳುವ ಕಾರ್ಬನ್ ಪ್ರತಿಯ ಮೇಲೂ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡೆ.

ವಿಚಾರಣೆ ನವೆಂಬರಿನಲ್ಲಿ ಬಂತು. ಇಂಥ ಪ್ರಕರಣಗಳನ್ನು ತೀರ್ಮಾನಿಸುವ ನ್ಯಾಯಮಂಡಳಿಯ ಮುಂದೆ ಆಗ ವಕೀಲರು ನಿಲ್ಲುವಂತಿರಲಿಲ್ಲ. ಉಳುವವರೇ ಮಾತಾಡಬೇಕು, ಒಡೆಯರೇ ಮಾತಾಡಬೇಕು. ನನ್ನ ಅರ್ಜಿ ಅಲ್ಲಿ ಹೇಗೆ ಶೋಭಿಸುತ್ತದೆಂದು ನೋಡುವ ಆಸೆಯಿಂದ ನಾನು ಕೆಲಸ ಬಿಟ್ಟು ಹೋಗಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತೆ. ವಿರೂಪಾಕ್ಷಪ್ಪನವರು ಬಾಗಿಲ ಹೊರಗೆ, ಇನ್ಯಾರದೋ ಕೆಲಸಕ್ಕೆ ಬಂದವರಂತೆ ನಿಂತಿದ್ದರು.

ಷಣ್ಮುಖಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಗಂಡನಿದ್ದಾಗ ಗಂಡ ಕೂಲಿಗೆ ಬರುತ್ತಿದ್ದ, ಈಗ ಈಕೆ ಬರುತ್ತಾಳೆ, ಕಳೆ ಕೀಳುತ್ತಾಳೆ, ಹೋಗುತ್ತಾಳೆ. ಗೇಣಿಯ ಮಾತೇ ಇಲ್ಲ ಎಂದು ಹೇಳಿ ಮುಗಿಸಿದರು. ಅಧ್ಯಕ್ಷರು ನನ್ನ ಬೆರಳಚ್ಚಿನ ಹಾಳೆಯನ್ನು ಎತ್ತಿಕೊಂಡು, ಓದಿ, ಒಪ್ಪಿಗೆಯಿಂದ ತಲೆಯಾಡಿಸಿದರು. ನನ್ನ ಎದೆ ಉಬ್ಬಿತು.

‘ಏನಮ್ಮಾ, ನೀವು ಉಳುವ ಜಮೀನು ಎಷ್ಟು?’

ಉಡಚಮ್ಮ ಒಮ್ಮೆ ಅವರ ಕೈಯಲ್ಲಿದ್ದ ಕಾಗದವನ್ನು, ಒಮ್ಮೆ ನನ್ನನ್ನು ನೋಡಿದಳು. ಎರಡು ಎಕರೆ ಹತ್ತು ಗುಂಟೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವಳು ಆಕೆ. ಆದರೆ ಕಾಗದದಲ್ಲಿ ಬೇರೇನೋ ಇದೆಯೆಂದೂ, ಅದಕ್ಕೆ ತಪ್ಪಿ ಮಾತಾಡಿದರೆ ಕೆಲಸ ಕೆಡುತ್ತದೆಂದೂ ಆಕೆಗೆ ಅನ್ನಿಸಿರಬೇಕು. ನಾನು ಓದಿದ್ದನ್ನು ಆಕೆ ನೆನಪಿಸಿಕೊಳ್ಳುತ್ತಿದ್ದಳು.

‘ಸೊನ್ನೆ...’ ಎಂದಳು.

ಅಷ್ಟಕ್ಕೇ ನಿಂತಳು. ಮುಂದಿನದು ನೆನಪಾಗಲಿಲ್ಲ.

‘ಆಯ್ತಲ್ಲ ಸ್ವಾಮಿ!’ ಎಂದರು ಷಣ್ಮುಖಪ್ಪನವರು. ‘ನಾನು ಇಷ್ಟೊತ್ತು ಒದರಿದ್ದನ್ನ ಆಕೆ ಒಂದೇ ಮಾತಾಗೆ ಹೇಳಿದ್ಲು. ಸೊನ್ನೆ!’

ಕೋಣೆಯಲ್ಲಿ ನಗು. ಅಧ್ಯಕ್ಷರು ಮೇಜು ಬಡಿದರು. ‘ಪೂರ್ವಕ್ಕೆ ಏನಿದೆ, ಅದನ್ನಾದರೂ ಹೇಳಿ.’

‘ನಲವತ್ತು... ನಲವತ್ತೆಂಟೋ ಏನೋ ಬುದ್ಧಿ.’

‘ಪಶ್ಚಿಮಕ್ಕೆ?’

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

‘ಹತ್ತೊಂಬತ್ತು ವರ್ಷ ಉತ್ತೋರಂತೆ, ಹೊಲದ ಮಗ್ಗುಲಾಗೆ ಏನೈತೆ ಅಂತ ಗೊತ್ತಿಲ್ಲ’ ಎಂದರು ಷಣ್ಮುಖಪ್ಪನವರು. ‘ಕೂಲಿಗೆ ಬಂದೋರಿಗೆ ಯಾಕೆ ಗೊತ್ತಿರತೈತೆ? ತಲೆ ಬಗ್ಗಿಸಿ ಕಳೆ ಕೀಳೋದು, ಸಂಜೀಗೆ ಎದ್ದು ಹೋಗೋದು.’

ಅಧ್ಯಕ್ಷರು ಕನ್ನಡಕ ತೆಗೆದು ಕೆಳಗಿಟ್ಟರು. ‘ಈ ಅರ್ಜಿಯನ್ನು ನಿಮಗೆ ಓದಿ ಹೇಳಿದ್ದರೇನಮ್ಮಾ?’

‘ಓದಿದ್ರು. ನನಗೆ ತಿಳೀಲಿಲ್ಲ.’

‘ತಿಳಿಯದೆ ಹೆಬ್ಬೆಟ್ಟು ಹೇಗೆ ಒತ್ತಿದಿರಿ? ಇದನ್ನು ಬರೆದವರು ಯಾರು?’

ನಾನು ಎದ್ದು ನಿಲ್ಲಬೇಕಾಗಿತ್ತು. ಬಾಗಿಲಿನಿಂದ ನನಗೆ ಐದು ಹೆಜ್ಜೆ, ಮೇಜಿನಿಂದ ಆರು. ಈ ಲೆಕ್ಕವನ್ನು ಮಾಡುತ್ತ ಕುಳಿತೇ ಇದ್ದೆ. ಉಡಚಮ್ಮ ನನ್ನತ್ತ ಬೆರಳು ತೋರಿಸಲಿಲ್ಲ. ಕೇವಲ ತಿರುಗಿ ನೋಡಿದಳು. ಅಷ್ಟರಲ್ಲಿ ವಿರೂಪಾಕ್ಷಪ್ಪನವರು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು, ಡೆಸ್ಕಿನಲ್ಲಿಟ್ಟಿದ್ದ ಆ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು.

‘ಈಕೆ ಮೊದಲು ಬರೆಸಿದ್ದು ಇದು, ಸ್ವಾಮಿ. ಅವತ್ತಿನ ತಾರೀಕು ಐತೆ, ಹೆಬ್ಬೆಟ್ಟು ಐತೆ. ಬರವಣಿಗೆ ನಂದು. ತಪ್ಪು ಅದಾವಂತೆ, ಅವೂ ನನ್ನವೇ. ಹೇಳಿದ್ದು ಮಾತ್ರ ಆಕೇದು.’

‘ಹೊತ್ತು ಮೀರಿದ ಕಾಗದ ಸ್ವಾಮಿ, ಇದನ್ನ ನೋಡಬಾರದು’ ಎಂದು ಷಣ್ಮುಖಪ್ಪನವರು ಎದ್ದರು. ಕುತ್ತಿಗೆ ಚಾಚಿ ಒಂದು ಸಾಲು ಓದಿಯೂಬಿಟ್ಟರು. ‘ಗೋಣಿದಾರಳಂತೆ! ಚೀಲ ಹೊರೋಳು ಅಂತ ಇವರೇ ಬರೆದಾರೆ ನೋಡ್ರಿ!’

‘ನಿಮ್ಮನ್ನು ಕೇಳಿದಾಗ ಮಾತಾಡಿ’ ಎಂದರು ಅಧ್ಯಕ್ಷರು. ಅವರು ಕಾಗದ ಓದಿದರು. ಮಿತ್ರನ ಹತ್ತಿರ ಅವರ ತುಟಿಯೂ ಅಲುಗಿತು. ಕೊನೆಯ ಸಾಲಿಗೆ ಬಂದಾಗ ಕೆಮ್ಮಿ ಕರವಸ್ತ್ರ ಹಿಡಿದುಕೊಂಡರು. ಆಮೇಲೆ ಮತ್ತೆ ಮಧ್ಯದ ಭಾಗಕ್ಕೆ ಹೋಗಿ ನಿಧಾನವಾಗಿ ಓದಿದರು. ಕಾಗದವನ್ನು ಬೋರಲು ಹಾಕಿ, ‘ಅಮ್ಮಾ, ನಿಮ್ಮ ಹೊಲದ ಸುತ್ತ ಏನಿದೆ? ನಿಮಗೆ ತಿಳಿದಂತೆ ಹೇಳಿ’ ಎಂದರು.

ಉಡಚಮ್ಮ ಕಣ್ಣು ಮುಚ್ಚಿಕೊಂಡಳು.

‘ಮೂಡಲಿಗೆ ನಮ್ಮತ್ತೆ ನೆಟ್ಟ ಬೇವು. ಸಿಡಿಲು ಬಡಿದು ಒಂದು ಕೊಂಬೆ ಹೋಗೈತೆ. ತೆಂಕಲಿಗೆ ಹಳ್ಳ, ದಾಟಾಕೆ ಎರಡು ಚಪ್ಪಡಿ ಹಾಕೀವಿ, ಒಂದು ಸೀಳೈತೆ. ಪಡುವಲಿಗೆ ಈ ಒಡೇರ ಬಾವಿ. ಅದರ ಕಟ್ಟೆ ಕಟ್ಟೋವಾಗ ಹಸಿ ಸಿಮಿಂಟಿನ ಮ್ಯಾಲೆ ನನ್ನ ಗಂಡ ಅಂಗೈ ಊರಿ ಬೈಸಿಕೊಂಡಿದ್ದ, ಆ ಗುರುತು ಇನ್ನೂ ಐತೆ, ಕಿರುಬೆರಳು ಇಲ್ಲ ಅದಕ್ಕೆ. ಬಡಗಲಿಗೆ ದೊಡ್ಡಕ್ಕನ ಜೋಳದ ಹೊಲ. ಪ್ರತಿ ಸುಗ್ಗೀಗೆ ಗೇಣಿ ಜೋಳ ಇವರ ಗಾಡಿಗೆ ಏರಿಸೋವಾಗ ಕೊಳಗ ಹಿಡಿದು ಅಳೆದು ಹಾಕೋಳು ಆಕೇನೇ. ಎರಡು ಎಕರೆ ಹತ್ತು ಗುಂಟೆ ಬುದ್ಧಿ.’

ಕಾಗದದಲ್ಲಿದ್ದುದಕ್ಕೆ ಒಂದು ಪದವೂ ಆಚೀಚೆಯಾಗಲಿಲ್ಲವೆಂದು ಕಾಣುತ್ತದೆ. ಅಧ್ಯಕ್ಷರು ಬೋರಲು ಹಾಕಿದ್ದ ಕಾಗದವನ್ನು ತಿರುಗಿಸಿ ಪಕ್ಕದ ಸದಸ್ಯರಿಗೆ ದಾಟಿಸಿದರು. ಷಣ್ಮುಖಪ್ಪನವರು ಆಮೇಲೆ ನಗಲಿಲ್ಲ.

ಮರುವಾರ ಮಂಡಳಿಯವರು ಹೊಲಕ್ಕೆ ಹೋಗಿ ನೋಡಿದರು. ಬೇವಿಗೆ ಒಂದು ಕೊಂಬೆ ಇರಲಿಲ್ಲ, ಚಪ್ಪಡಿ ಸೀಳಿತ್ತು, ಬಾವಿಕಟ್ಟೆಯ ಮೇಲಿನ ಅಂಗೈಗೆ ನಾಲ್ಕೇ ಬೆರಳಿದ್ದವು. ಬಡಗಲ ಹೊಲದ ದೊಡ್ಡಕ್ಕ ಬದುವಿನ ಮೇಲೆ ನಿಂತು, ಹತ್ತೊಂಬತ್ತು ಸುಗ್ಗಿಯ ಗೇಣಿಯನ್ನೂ ತಾನೇ ಅಳೆದದ್ದೆಂದು ಷಣ್ಮುಖಪ್ಪನವರ ಮುಖ ನೋಡಿಯೇ ಹೇಳಿದಳಂತೆ. ಡಿಸೆಂಬರಿನಲ್ಲಿ ಜಮೀನು ಉಡಚಮ್ಮನದೆಂದು ಆದೇಶವಾಯಿತು.

ವಿಚಾರಣೆಯ ದಿನ ಸಂಜೆ ನಾನು ಮರದ ಆ ಬದಿಗೆ ಹೋಗಿ ನಿಂತಿದ್ದೆ. ವಿರೂಪಾಕ್ಷಪ್ಪನವರು ನಿಬ್ಬು ಒರೆಸುತ್ತಿದ್ದರು.

‘ನಿಮ್ಮಿಂದ ಆಕೆಯ ಹೊಲ ಉಳಿಯಿತು’ ಎಂದೆ.

‘ನಿನ್ನ ಮಾನ ಉಳಿಸಾಕೆ ನಾನು ಬರಲಿಲ್ಲ. ಬರೀ ಆಕೆ ಹೊಲ ಉಳೀಲಿ ಅಂತ ಬಂದೆ.’

‘ನನ್ನ ಅರ್ಜಿಯಲ್ಲಿ ತಪ್ಪಿರಲಿಲ್ಲ.’ ಇದನ್ನು ಯಾಕೆ ಹೇಳಿದೆನೋ ನನಗೆ ತಿಳಿಯದು.

‘ಇರಲಿಲ್ಲ. ಆಕೇನೂ ಇರಲಿಲ್ಲ ಅದರಾಗೆ.’ ಅವರು ಮುಚ್ಚಳ ಹಾಕಿದರು. ‘ಸರಿ ಅತ್ಲಾಗೆ, ಬಿಎಸ್ಸಿ. ನನ್ನ ನೆರಳಾಗೆ ನಿಂತೀಯ.’

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಉಡಚಮ್ಮ ಬಂದಳು. ಕೈಚೀಲದಲ್ಲಿ ತಂದಿದ್ದ ಅವರೆಕಾಯಿಯನ್ನು ವಿರೂಪಾಕ್ಷಪ್ಪನವರ ಚಾಪೆಯ ಮೇಲೆ ಸುರಿದಳು. ಆಮೇಲೆ ಆಕೆ ನನ್ನ ಮೇಜಿಗೆ ಬಂದು ನಿಂತಳು. ಕ್ಷಮೆ ಕೇಳಲು ನಾನು ಒಂದು ವಾಕ್ಯ ಸಿದ್ಧಪಡಿಸಿಟ್ಟುಕೊಂಡಿದ್ದೆ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿದ್ದ ವಾಕ್ಯ.

‘ನನ್ನ ಹೆಬ್ಬೆಟ್ಟಿನ ಕಾಗದ ನಿನ್ನ ಹತ್ರ ಒಂದೈತೆ’ ಎಂದಳು. ಹಿಂದಿನ ಸಲದ ‘ಸ್ವಾಮಿ’ ಹೋಗಿತ್ತು. ‘ಕೊಡು.’

‘ಅದು ಕಡತದ ಪ್ರತಿ. ಇನ್ನು ಅದರಿಂದ ಏನೂ ಆಗುವುದಿಲ್ಲ. ಇರಲಿ ಬಿಡಿ.’

‘ನಾನು ಹೇಳದ ಮಾತಿನ ಕೆಳಗೆ ನನ್ನ ಬೆರಳು ಇರಬಾರದು. ಕೊಡು.’

ಕ್ರಮಾಂಕ ಹಾಕಿ ಇಟ್ಟಿದ್ದರಿಂದ ಹುಡುಕಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಕೆ ಹಾಳೆಯನ್ನು ತಲೆಕೆಳಗಾಗಿ ಹಿಡಿದು, ತಿರುಗಿಸಿ, ಹೆಬ್ಬೆಟ್ಟನ್ನು ಗುರುತಿಸಿಕೊಂಡಳು. ನಂತರ ಓಂಕಾರಪ್ಪನ ಅಂಗಡಿಗೆ ನಡೆದು, ಅವನು ‘ಏನವ್ವಾ, ಏನು ಮಾಡ್ತೀಯ’ ಎನ್ನುತ್ತಿದ್ದಂತೆ, ಕುದಿಯುತ್ತಿದ್ದ ಚಹಾದ ಪಾತ್ರೆಯನ್ನು ಸೆರಗಿನಿಂದ ಹಿಡಿದು ಪಕ್ಕಕ್ಕೆ ಸರಿಸಿ, ಹಾಳೆಯನ್ನು ಒಲೆಗೆ ಹಾಕಿದಳು. ಅದು ಪೂರ್ತಿ ಉರಿಯುವವರೆಗೆ ಅಲ್ಲೇ ನಿಂತಳು. ತೆಳುವಾದ ಕಾಗದ, ಬೇಗ ಹತ್ತಿಕೊಂಡಿತು. ಮಸಿ ದಟ್ಟವಾಗಿ ಹಿಡಿದಿದ್ದ ಆ ಒಂದು ಮೂಲೆ ಮಾತ್ರ ಸ್ವಲ್ಪ ತಡವಾಗಿ ಉರಿಯಿತು.